ಖಾಲಿ ಕರೆಗಳು

ಆಫೀಸಿನ ಮೆಟ್ಟಿಲ ಪಕ್ಕದ ಗೋಡೆಗೆ ಒಂದು ಬೂದುಬಣ್ಣದ ಪೆಟ್ಟಿಗೆಯನ್ನು ಬಿಗಿದಿದ್ದರು. ಅದರ ಮುಖದ ತುಂಬ ಸಣ್ಣ ಸಣ್ಣ ಹಸಿರು ದೀಪಗಳು. ಕಟ್ಟಡದ ಯಾವ ಮೂಲೆಯಲ್ಲಿ ಯಾರ ಫೋನು ಹೊಡೆದುಕೊಂಡರೂ, ಯಾರು ಎತ್ತಿದರೂ ಅವರ ಪಾಲಿನ ದೀಪ ಹೊತ್ತಿಕೊಳ್ಳುತ್ತಿತ್ತು, ಇಟ್ಟೊಡನೆ ಆರಿಹೋಗುತ್ತಿತ್ತು. ನನ್ನ ಮೇಜು ಅದರ ಎದುರಿಗೇ ಇತ್ತು. ಬೆಳಗಿನ ಬಸ್ಸುಗಳು ಹೊರಡುವ ಹೊತ್ತಿಗೆ ಮೇಲಿನ ಸಾಲುಗಳು ಒಂದು ಗಳಿಗೆಯೂ ಸುಮ್ಮನಿರುತ್ತಿರಲಿಲ್ಲ. ಕೆಳಗಿನ ಸಾಲಿನ ಕೊನೆಯ ದೀಪ ಮಾತ್ರ ಎಂದೂ ಹೊತ್ತುತ್ತಿರಲಿಲ್ಲ. ಅದು ಕೆಟ್ಟಿದೆಯೆಂದು ಹೊಸಬರು ತಿಳಿಯುತ್ತಿದ್ದರು. ಕೆಟ್ಟಿರಲಿಲ್ಲ, ಅದು ನನ್ನ ಮೇಜಿನ ಫೋನಿನ ದೀಪ.

ನಮ್ಮದು ಬಸ್ಸು ಓಡಿಸುವ ಕಂಪನಿ. ಸುತ್ತಮುತ್ತಲ ಊರುಗಳಿಗೆಲ್ಲ ನಮ್ಮ ಬಸ್ಸುಗಳೇ ಹೋಗುತ್ತಿದ್ದುದರಿಂದ ಫೋನುಗಳಿಗೆ ಬಿಡುವಿರಲಿಲ್ಲ. ಯಾವ ನಂಬರಿನಿಂದ ಕರೆ ಬಂತು, ಯಾವ ಮೇಜಿಗೆ ಹೋಯಿತು, ಎಷ್ಟು ಹೊತ್ತು ನಡೆಯಿತು, ಕೊನೆಗೆ ಯಾರು ಮೊದಲು ಫೋನಿಟ್ಟರು, ಇದನ್ನೆಲ್ಲ ಪೆಟ್ಟಿಗೆ ನೆನಪಿಟ್ಟುಕೊಳ್ಳುತ್ತಿತ್ತು. ವಾರಕ್ಕೊಮ್ಮೆ ಆ ನೆನಪನ್ನು ಕಂಪ್ಯೂಟರಿಗೆ ಇಳಿಸಿಕೊಂಡು, ವಿಚಾರಣೆಗೆ ಬಂದದ್ದು ಬೇರೆ, ಪಾರ್ಸೆಲಿಗೆ ಬಂದದ್ದು ಬೇರೆ, ಎತ್ತದೆ ಬಿಟ್ಟದ್ದು ಬೇರೆ ಎಂದು ವಿಂಗಡಿಸಿ ಒಂದೇ ಹಾಳೆಯ ವರದಿ ಮಾಡಿಕೊಡುವುದು ನನ್ನ ಕೆಲಸ. ಯಾರು ಏನು ಮಾತಾಡಿದರು ಎನ್ನುವುದು ಪೆಟ್ಟಿಗೆಗೆ ಗೊತ್ತಿರಲಿಲ್ಲ. ಮಾತಾಡಿದರು ಎನ್ನುವುದಷ್ಟೇ ಗೊತ್ತಿತ್ತು. ಆ ಕೆಲಸ ನನಗೆ ಹಿಡಿಸಿತ್ತು. ಆಫೀಸಿನಲ್ಲಿ ನನ್ನನ್ನು ಮಿತಭಾಷಿ ಎನ್ನುತ್ತಿದ್ದರು. ಆ ಮಾತನ್ನು ತಿದ್ದುವ ಗೋಜಿಗೆ ನಾನು ಹೋಗಿರಲಿಲ್ಲ.

ವರದಿ ಹೋಗುತ್ತಿದ್ದುದು ಮ್ಯಾನೇಜರ್ ಕರಿಬಸಪ್ಪನವರಿಗೆ. ಡ್ರೈವರಾಗಿ ಸೇರಿ ಮ್ಯಾನೇಜರಾದ ಮನುಷ್ಯ. ಹಾಳೆಯನ್ನೂ ರಸ್ತೆಯಂತೆಯೇ ನೋಡುತ್ತಿದ್ದರು. ಸಾಲಿನ ಮೇಲೆ ಬೆರಳಿಟ್ಟು, ತಿರುವು ಬಂದಲ್ಲಿ ನಿಧಾನಿಸಿ, ಕೊನೆ ಮುಟ್ಟಿದ ಮೇಲೆ ಉಸಿರು ಬಿಟ್ಟು ಸಹಿ ಹಾಕುತ್ತಿದ್ದರು. ಅವರು ಏನಾದರೂ ಕೇಳಿದರೆ ನಾನು ಚೀಟಿಯಲ್ಲಿ ಬರೆದು ಮುಂದಿಡುತ್ತಿದ್ದೆ. ಅವರು ಓದಿ ತಲೆಯಾಡಿಸುತ್ತಿದ್ದರು. ಹೀಗೆಯೇ ನಮ್ಮಿಬ್ಬರ ಸಂಸಾರ ಸಾಗಿತ್ತು.

ವಿಚಾರಣೆಯ ಫೋನು ಸರ್ವಮಂಗಳಾ ಅವರದು. ಗಾಜಿನ ಗೂಡಿನಂಥ ಕೋಣೆಯಲ್ಲಿ ಅವರು ಬಾಯಲ್ಲಿ ಸದಾ ಒಂದು ಏಲಕ್ಕಿ ಇಟ್ಟುಕೊಂಡು ಕೂತಿರುತ್ತಿದ್ದರು. ದನಿ ಒಡೆಯಬಾರದೆಂದು ಏಲಕ್ಕಿ. ಯಾವ ಊರಿಗೆ ಎಷ್ಟು ಹೊತ್ತಿಗೆ ಬಸ್ಸು, ಎಲ್ಲಿ ಇಳಿದು ಎಲ್ಲಿ ಹತ್ತಬೇಕು, ಎಲ್ಲವೂ ಅವರ ನಾಲಗೆಯ ಮೇಲೆ. ನನಗಿಂತ ಬಹಳ ಹಿರಿಯರು, ನನ್ನನ್ನು ಮಗು ಎಂದೇ ಕರೆಯುತ್ತಿದ್ದರು.

ಒಂದು ಮಧ್ಯಾಹ್ನ ಅವರು ಗಾಜಿನ ಬಾಗಿಲನ್ನು ದಡಾರನೆ ತಳ್ಳಿ ಹೊರಗೆ ಬಂದರು. ಮುಖ ಕೆಂಪಗಾಗಿತ್ತು.

"ಸರ್, ನನಗೆ ಸಾಕಾಗಿದೆ," ಎಂದು ಕರಿಬಸಪ್ಪನವರ ಮುಂದೆ ನಿಂತರು. "ದಿನಾ ಊಟ ಆಗಿ ಬಂದು ಕೂತ್ಕೊಳ್ಳೋದೇ ತಡ, ಒಂದು ಫೋನು. ಹಲೋ ಅಂದ್ರೆ ಮಾತಿಲ್ಲ, ಕತೆಯಿಲ್ಲ. ಬರೀ ಉಸಿರು. ಯಾವನೋ ಪೋಲಿ. ನನ್ನ ವಯಸ್ಸಿಗಾದ್ರೂ ಮರ್ಯಾದೆ ಬೇಡ್ವಾ? ಇವತ್ತು ಚೆನ್ನಾಗಿ ಬೈದಿಟ್ಟೆ."

ಕರಿಬಸಪ್ಪನವರು ಎದ್ದು ತಮ್ಮ ಕುರ್ಚಿಯನ್ನೇ ಅವರಿಗೆ ಬಿಟ್ಟುಕೊಟ್ಟರು. ನೀರು ತರಿಸಿದರು. ಆಮೇಲೆ ನನ್ನ ಕಡೆ ತಿರುಗಿ, "ಪೆಟ್ಟಿಗೇಲಿ ಆ ನಂಬರ್ ಇರುತ್ತಲ್ವೇನಯ್ಯಾ? ಹುಡುಕಿ ಕೊಡು. ಸ್ಟೇಷನ್ನಿನಲ್ಲಿ ಒಂದು ಕಂಪ್ಲೇಂಟು ಬರೆದುಕೊಟ್ಟು ಬರ್ತೀನಿ. ಮನೆಗೇ ಹೋಗಿ ವಿಚಾರಿಸಿಕೊಳ್ತಾರೆ," ಎಂದರು.

ಹುಡುಕುವುದು ಕಷ್ಟವಿರಲಿಲ್ಲ. ಕಣ್ಣುಮುಚ್ಚಿ ತೆಗೆಯುವಷ್ಟರಲ್ಲಿ ಮುಗಿದುಹೋದ ಕರೆಗಳನ್ನು ವರದಿಗೆ ಸೇರಿಸಬಾರದೆಂದು ನಿಯಮವಿತ್ತು. ತಪ್ಪು ನಂಬರು, ಲೈನಿನ ತೊಂದರೆ, ಮಕ್ಕಳ ಆಟ, ಅಂಥವನ್ನೆಲ್ಲ 'ಖಾಲಿ ಕರೆ' ಎಂದು ಬೇರೆಯಾಗಿ ತಳ್ಳಿಡುತ್ತಿದ್ದೆವು. ಆ ಗುಡ್ಡೆಯನ್ನು ತೆರೆದಾಗ ಒಂದೇ ನಂಬರು ಮತ್ತೆ ಮತ್ತೆ ಕಣ್ಣಿಗೆ ಬಿತ್ತು. ಸುತ್ತಲಿನ ಹಳ್ಳಿಯೊಂದರ ನಂಬರು. ಅದನ್ನು ಚೀಟಿಯಲ್ಲಿ ಬರೆದುಕೊಂಡು ಏಳಬೇಕೆನ್ನುವಾಗ ಏನೋ ತಡೆದಂತಾಯಿತು. ಮತ್ತೆ ಕೂತು ನೋಡಿದೆ.

ಕರೆಗಳು ಜೋಡಿಯಾಗಿ ಬಂದಿದ್ದವು. ಮೊದಲನೆಯದು ಬಂದು ಕಡಿಯುತ್ತದೆ. ಅದರ ಬೆನ್ನಿಗೇ, ಉಸಿರು ತಿರುಗಿಸಿಕೊಳ್ಳುವಷ್ಟರಲ್ಲಿ, ಇನ್ನೊಂದು. ಮೊದಲನೆಯದರಲ್ಲಿ ಫೋನಿಟ್ಟದ್ದು ಆ ಕಡೆಯವರೇ. ಎರಡನೆಯದರಲ್ಲಿ ನಮ್ಮವರು. ಅದಾದಮೇಲೆ ಆ ದಿನಕ್ಕೆ ಮುಗಿಯಿತು. ಮಾರನೆಯ ದಿನ ಊಟದ ನಂತರ, ಮನೆಗಳು ಮಂಪರಿನಲ್ಲಿರುವ ಹೊತ್ತಿಗೆ, ಮತ್ತೆ ಅದೇ.

ಪೋಲಿಗಳು ಹೀಗೆ ಮಾಡುವುದಿಲ್ಲ. ಅವರಿಗೆ ಎದುರಿನವರ ಸಿಟ್ಟು ಬೇಕು; ಬೈಸಿಕೊಳ್ಳುತ್ತಾ ಫೋನು ಹಿಡಿದೇ ಇರುತ್ತಾರೆ. ಇಲ್ಲಿ ಯಾರೋ ಒಂದು ಸಲ ಸೋತು ತಾವೇ ಫೋನಿಡುತ್ತಿದ್ದರು. ಧೈರ್ಯ ಪೂರ್ತಿ ಇಳಿದುಹೋಗುವ ಮುಂಚೆ ಇನ್ನೊಮ್ಮೆ ಪ್ರಯತ್ನಿಸಿ, ಬೈಸಿಕೊಂಡು, ನಾಳೆಗೆಂದು ಉಳಿಸಿಕೊಳ್ಳುತ್ತಿದ್ದರು. ಇದು ನನಗೆ ಹೇಗೆ ಗೊತ್ತೆಂದರೆ, ನಾನೂ ಹಾಗೆ ಮಾಡಿದವನು.

ನನಗೆ ತೊದಲು. ಜನ ತಮಾಷೆಗೆ ಅಣಕಿಸುವ, ಒಂದೇ ಅಕ್ಷರ ಕುಣಿಯುವ ತೊದಲು ಮಾತ್ರವಲ್ಲ. ಕೆಲವು ಅಕ್ಷರ ಗಂಟಲಿಗೆ ಅಡ್ಡ ಕೂತರೆ ದನಿಯೇ ಹೊರಡದು. ಎದುರಿಗಿದ್ದವರಿಗೆ ಕಡೇಪಕ್ಷ ತುಟಿ ಕಾಣುತ್ತದೆ, ಕತ್ತಿನ ನರ ಉಬ್ಬಿದ್ದು ಕಾಣುತ್ತದೆ, ಏನೋ ಹೇಳಹೊರಟಿದ್ದಾನೆಂದು ತಿಳಿಯುತ್ತದೆ. ಫೋನಿನಲ್ಲಿ ಅದೇನೂ ಇಲ್ಲ. ಆ ಕಡೆಯವರಿಗೆ ಕೇಳುವುದು ಉಸಿರು ಮಾತ್ರ. ಕೆಲಸ ಹುಡುಕುತ್ತಿದ್ದ ದಿನಗಳಲ್ಲಿ ಒಂದು ಕಾಗದದ ಅಂಗಡಿಗೆ ಹೀಗೆ ಫೋನು ಮಾಡಿ, ನನ್ನ ಹೆಸರಿನ ಮೊದಲಕ್ಷರದ ಹೊಸ್ತಿಲಲ್ಲೇ ನಿಂತುಬಿಟ್ಟಿದ್ದೆ. "ಯಾರದು, ಆಟ ಆಡ್ತೀಯಾ?" ಎಂದು ಕೂಗಿ ಇಟ್ಟಿದ್ದರು. ಮತ್ತೆ ಮಾಡಿದೆ. ಮತ್ತೆ ಬೈದರು. ಅಂದಿನಿಂದ ನಾನು ಫೋನು ಮುಟ್ಟಿರಲಿಲ್ಲ. ಆದ್ದರಿಂದಲೇ ಕರಿಬಸಪ್ಪನವರು ನನ್ನನ್ನು ಕೌಂಟರಿನಲ್ಲಿ ಕೂರಿಸದೆ ಪೆಟ್ಟಿಗೆಯ ಎದುರು ಕೂರಿಸಿದ್ದು. ಬೇರೆಯವರ ಮಾತನ್ನು ದಿನವಿಡೀ ಅಳೆಯುವ ಕೆಲಸ, ಬಾಯಿ ತೆರೆಯುವ ಅಗತ್ಯವೇ ಇಲ್ಲ.

ಚೀಟಿಯನ್ನು ಜೇಬಿಗೆ ಹಾಕಿಕೊಂಡು ಅವರ ಕೋಣೆಗೆ ಹೋದೆ. ಸರ್ವಮಂಗಳಾ ಇನ್ನೂ ಅಲ್ಲೇ ಇದ್ದರು.

"ಸಿಕ್ತಾ?" ಎಂದು ಕರಿಬಸಪ್ಪನವರು ಕೈ ಚಾಚಿದರು.

ಬರೆದು ತೋರಿಸಬಹುದಿತ್ತು. ಬರೆದರೆ ಅರ್ಧ ಓದಿ, "ಅದೆಲ್ಲ ಇರಲಿ, ನಂಬರ್ ಕೊಡು" ಎಂದಾರು ಅನಿಸಿತು.

"ಪೊ... ಪೊಲೀಸು ಬೇಡ ಸರ್," ಎಂದೆ. "ಅವರು ಪ... ಪೋಲಿ ಅಲ್ಲ. ಅವರಿಗೆ... ಮಾ..." ಅಲ್ಲಿಗೆ ನಿಂತಿತು. ಇಬ್ಬರೂ ನನ್ನ ಮುಖ ನೋಡಿದರು. ನಾನು ಗಂಟಲು ಮುಟ್ಟಿ ತೋರಿಸಿದೆ. "ನ... ನನ್ನ ಹಾಗೆ."

ಸರ್ವಮಂಗಳಾ ಬಾಯಲ್ಲಿದ್ದ ಏಲಕ್ಕಿಯನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ದಾಟಿಸಿಕೊಂಡರು.

"ಊಹೆ ತಾನೇ ಮಗು?" ಎಂದರು, ಮೆತ್ತಗೆ.

"ಊಹೆ. ನಾಳೆ ಬ... ಬಂದರೆ ನನಗೆ ಕೊಡಿ. ನಾನು ಮಾತಾಡ್ತೀನಿ."

"ನೀನಾ?" ಎಂದು ಕರಿಬಸಪ್ಪನವರ ಬಾಯಿಂದ ಬಂದುಬಿಟ್ಟಿತು. ಅಂದಕೂಡಲೇ ಅವರಿಗೇ ನಾಚಿಕೆಯಾಗಿರಬೇಕು. ಮೇಜಿನ ಮೇಲಿನ ಕಾಗದಗಳನ್ನು ಸುಮ್ಮಸುಮ್ಮನೆ ಜೋಡಿಸಿದರು. "ಆಗಲಿ. ನಾಳೆ ಒಂದಿನ ನೋಡೋಣ."

ಮಾರನೆಯ ದಿನ ಬೇಗ ಊಟ ಮುಗಿಸಿ ಬಂದು ಕೂತೆ. ಗಾಜಿನ ಆಚೆ ಸರ್ವಮಂಗಳಾ ಕೂತಿದ್ದರು, ಈಚೆ ನಾನು. ಬಂದರೆ ಏನೆನ್ನಬೇಕೆಂದು ಬೆಳಗಿನಿಂದ ಮನಸ್ಸಿನಲ್ಲೇ ಹೇಳಿಕೊಂಡಿದ್ದೆ. 'ಹೆದರಬೇಡಿ, ನಿಧಾನವಾಗಿ ಹೇಳಿ' ಎಂದುಕೊಂಡು, ಆ ಮಾತನ್ನು ಬಿಟ್ಟುಕೊಟ್ಟಿದ್ದೆ. ನಿಧಾನವಾಗಿ ಹೇಳು ಎಂದವರ ಮುಂದೆ ನನಗೆ ಎಂದೂ ಹೇಳಲು ಬಂದದ್ದಿಲ್ಲ. ಹೇಳುವವನಿಗೆ ಅದು ಸಮಾಧಾನ; ಕೇಳುವವನಿಗೆ ಎಲ್ಲರೂ ನೋಡುತ್ತಿದ್ದಾರೆಂಬ ನೆನಪು.

ಸರ್ವಮಂಗಳಾ ಕೈಯೆತ್ತಿದರು. ಪೆಟ್ಟಿಗೆಯಲ್ಲಿ ವಿಚಾರಣೆಯ ದೀಪ ಹೊತ್ತಿತ್ತು, ಅವರು ಕರೆಯನ್ನು ನನ್ನತ್ತ ತಿರುಗಿಸಿದೊಡನೆ ಆರಿತು. ಕೆಳಗಿನ ಸಾಲಿನ ಕೊನೆಯಲ್ಲಿ, ನಾನು ಬಂದಂದಿನಿಂದ ಕತ್ತಲಾಗಿದ್ದ ಜಾಗದಲ್ಲಿ, ಒಂದು ಹಸಿರು ಚುಕ್ಕೆ ಮೂಡಿತು. ನನ್ನ ಮೇಜಿನ ಫೋನು ಹೊಡೆದುಕೊಳ್ಳತೊಡಗಿತು. ಅದರ ಗಂಟೆಯ ಸದ್ದು ಹೇಗಿದೆಯೆಂದು ನನಗೆ ತಿಳಿದದ್ದೇ ಆಗ.

ಎತ್ತಿದೆ. ಆ ಕಡೆ ಉಸಿರು. ಹಿಂದೆ ಎಲ್ಲೋ ಕೋಳಿ ಕೊಕ್ಕೊಕ್ಕೊ ಎನ್ನುವ ಸದ್ದು. ನನ್ನ ಬಾಯಿ ತೆರೆದಿತ್ತು, 'ಹ' ಮೇಲೆ ಬರಲೊಲ್ಲದು. ಅಲ್ಲಿಯೂ ಮಾತಿಲ್ಲ, ಇಲ್ಲಿಯೂ ಮಾತಿಲ್ಲ. ಗಾಜಿನಾಚೆ ಸರ್ವಮಂಗಳಾ ಕೈ ಜೋಡಿಸಿ ಕೂತಿದ್ದು ಕಾಣುತ್ತಿತ್ತು. ಆ ಕಡೆಯವರು ಇನ್ನೇನು ಇಟ್ಟುಬಿಡುತ್ತಾರೆಂದು ತಿಳಿದು ಕಣ್ಣು ಮುಚ್ಚಿ ತಳ್ಳಿದೆ.

"ಹ... ಹ... ಹ... ಹಲೋ."

ಉಸಿರು ನಿಂತಿತು. ಆಮೇಲೆ ಅದೇ ಉಸಿರು ಬೇರೆ ರೀತಿ ಹೊರಬಂತು, ಯಾರೋ ತಲೆಯ ಮೇಲಿನ ಹೊರೆಯನ್ನು ಕಟ್ಟೆಗೆ ಇಳಿಸಿದ ಹಾಗೆ. ಬಹಳ ಹೊತ್ತಿನ ಮೇಲೆ ಒಂದು ಹೆಣ್ಣುದನಿ ಕೇಳಿತು.

"ನಿ... ನಿಮಗೂನಾ?"

"ನ... ನನಗೂ," ಎಂದೆ.

ಅವಳು ನಕ್ಕಳು. ನಾನೂ ನಕ್ಕೆ. ನಗುವಿಗೆ ತೊದಲಿಲ್ಲವಲ್ಲ. ಆಮೇಲೆ ಮಾತು ಬಂತು. ಬಂದಾಗ ಬಂತು, ನಿಂತಾಗ ನಿಂತಿತು. ಯಾರಿಗೂ ಯಾರೂ ಅವಸರ ಮಾಡಲಿಲ್ಲ. ಅವಳ ಹೆಸರು ಕಸ್ತೂರಿ. ಆ 'ಕ' ದಾಟುವುದಕ್ಕೇ ಎಷ್ಟೋ ಹೊತ್ತಾಯಿತು. ಅಣ್ಣನ ಮನೆಯಲ್ಲಿರುವವಳು. ತುದಿ ಬಾಗಿದ ಕ್ರೋಷಾ ಕಡ್ಡಿಯಲ್ಲಿ ದಾರದ ಹಾಸುಗಳನ್ನು ಹೆಣೆಯುತ್ತಾಳೆ. ಪೇಟೆಯ ಅಂಗಡಿಯೊಂದು ದೊಡ್ಡ ಮೇಜುಹಾಸು ಹೆಣೆದು ತಂದು ತೋರಿಸು, ಹಿಡಿಸಿದರೆ ಮುಂದೆಯೂ ಕೆಲಸ ಕೊಡುತ್ತೇವೆ ಎಂದಿತ್ತು. ಮಳೆಗಾಲವೆಲ್ಲ ಕೂತು ಹೆಣೆದು, ಜೀವನದಲ್ಲಿ ಮೊದಲ ಸಲ ಒಬ್ಬಳೇ ಬಸ್ಸು ಹತ್ತಿದ್ದಳು. ಇಳಿಯುವ ಗಡಿಬಿಡಿಯಲ್ಲಿ ಚೀಲವನ್ನು ಸೀಟಿನ ಕೆಳಗೇ ಬಿಟ್ಟಿದ್ದಳು. ಬಸ್ಸು ಕಣ್ಣೆದುರೇ ಹೊರಟಿತು. "ನಿಲ್ಲಿಸಿ" ಎನ್ನುವ ಮಾತು ಗಂಟಲು ಬಿಟ್ಟು ಬರಲಿಲ್ಲ.

"ಮ... ಮನೇಲಿ ಹೇಳಿಲ್ಲ," ಎಂದಳು. "ಹೇಳಿದ್ರೆ ಅಣ್ಣ... ಕೆಟ್ಟೋನಲ್ಲ. ಆದರೆ ಮಾತು ಬರದೋಳು ಒಬ್ಬಳೇ ಯಾಕೆ ಹೋಗ್ಬೇಕು ಅಂತಾನೆ. ಇನ್ಮೇಲೆ ಎ... ಎಲ್ಲಿಗೂ ಬಿಡಲ್ಲ. ಅಂಗಡಿಗೆ ತಾನೇ ಹೋಗ್ತೀನಿ ಅಂತಾನೆ. ಫೋನು ನಾನೇ ಮಾಡ್ತೀನಿ ಅಂತಾನೆ. ಹು... ಹುಟ್ಟಿದಾಗಿಂದ ಅವನೇ ಮಾತಾಡಿದ್ದು."

ನಮ್ಮಲ್ಲಿ ಬಸ್ಸಿನಲ್ಲಿ ಬಿಟ್ಟುಹೋದ ಸಾಮಾನನ್ನು ಮೆಟ್ಟಿಲ ಕೆಳಗಿನ ಕತ್ತಲೆಕೋಣೆಯಲ್ಲಿ ಇಡುತ್ತಿದ್ದರು. ಯಾರೂ ಕೇಳದಿದ್ದರೆ ತಿಂಗಳ ಕೊನೆಗೆ ಅನಾಥಾಶ್ರಮಕ್ಕೆ ಕಳಿಸಿಬಿಡುವುದು ರೂಢಿ. ತಿಂಗಳು ಮುಗಿಯುತ್ತ ಬಂದಿತ್ತು. ಮರುದಿನ ಮತ್ತೆ ಫೋನು ಮಾಡಲು ಹೇಳಿ, ಇಟ್ಟವನೇ ಎದ್ದು ಓಡಿದೆ. ಸರ್ವಮಂಗಳಾ ಬೀಗದ ಕೈ ಹಿಡಿದು ಹಿಂದೆಯೇ ಬಂದರು. ಕೊಡೆಗಳು, ಊಟದ ಡಬ್ಬಿಗಳು, ಒಂಟಿ ಚಪ್ಪಲಿ, ಹುರಿ ಬಿಗಿದ ಹಾಸಿಗೆ ಸುರುಳಿ, ಇವುಗಳ ಅಡಿಯಲ್ಲಿ ಅವಳು ಹೇಳಿದ ಕೆಂಪು ರೆಕ್ಸಿನ್ ಚೀಲ ಸಿಕ್ಕಿತು.

ಸರಿಯಾದುದೇ ಎಂದು ನೋಡಲು ಸರ್ವಮಂಗಳಾ ಅದನ್ನು ನನ್ನ ಮೇಜಿನ ಮೇಲೆ ಬಿಚ್ಚಿದರು. ಬಿಳಿ ದಾರದ ಹಾಸು ಮಡಿಕೆ ಮಡಿಕೆಯಾಗಿ ಹರಡಿಕೊಳ್ಳುತ್ತ ಮೇಜು ದಾಟಿ, ಎರಡೂ ಬದಿಗೆ ಇಳಿಯಿತು. ನಡುವೆ ದೊಡ್ಡದೊಂದು ಹೂ, ಅದರ ಸುತ್ತ ಬಳ್ಳಿ, ಬಳ್ಳಿಯ ಸುತ್ತ ಇನ್ನೂ ಸಣ್ಣ ಹೂಗಳು. ಎಲ್ಲಿಯೂ ಒಂದು ಗಂಟು ಕಾಣಿಸದು. ಸರ್ವಮಂಗಳಾ ಅಂಚನ್ನು ಬೆರಳಲ್ಲಿ ಹಿಡಿದು ನೋಡಿದರು.

"ಎಂಥಾ ಮಾತೆಲ್ಲ ಅಂದುಬಿಟ್ಟೆನಪ್ಪಾ ಈ ಹುಡುಗಿಗೆ," ಎಂದರು.

ಮರುದಿನ ಕರೆ ಬಂದಾಗ ಅವರು ಅದನ್ನು ನನಗೆ ಕೊಡಲಿಲ್ಲ. ಗಾಜಿನಾಚೆ ಅವರು ಫೋನು ಹಿಡಿದು ಸುಮ್ಮನೆ ಕಾಯುತ್ತಿದ್ದುದನ್ನು ನೋಡಿದೆ. ಬೇರೆ ಲೈನುಗಳು ಹೊಡೆದುಕೊಳ್ಳುತ್ತಿದ್ದವು, ಪೆಟ್ಟಿಗೆಯಲ್ಲಿ ದೀಪಗಳು ಕುಣಿಯುತ್ತಿದ್ದವು. ಅವರು ಅತ್ತ ತಿರುಗಲಿಲ್ಲ. ಕೊನೆಗೆ ತಲೆಯಾಡಿಸಿ, "ಚೀಲ ನನ್ನ ಹತ್ರನೇ ಇದೆ ಕಣಮ್ಮ. ಯಾವಾಗ ಬರಕ್ಕಾಗುತ್ತೋ ಆವಾಗ ಬಾ. ತಿಂಗಳು ಮುಗಿದರೂ ಕೊಡಲ್ಲ ಯಾರಿಗೂ," ಎಂದದ್ದು ಬಾಗಿಲ ಸಂದಿನಿಂದ ಕೇಳಿಸಿತು.

ಸೋಮವಾರ ವರದಿ ಒಯ್ದುಕೊಟ್ಟೆ. ಕರಿಬಸಪ್ಪನವರ ಬೆರಳು ಸಾಲು ಸಾಲಾಗಿ ಇಳಿದು ಕೊನೆಯಲ್ಲಿ ನಿಂತಿತು. ಅಲ್ಲಿ ಎಂದೂ ಇಲ್ಲದ ಒಂದು ಸಾಲಿತ್ತು.

"ಇದ್ಯಾವುದಯ್ಯಾ ಹೊಸ ಮೇಜು?"

"ನ... ನನ್ನದು ಸರ್."

ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು, ಮತ್ತೆ ಹಾಕಿಕೊಂಡು ಹಾಳೆ ನೋಡಿದರು. "ಒಂದೇ ಕರೆ. ಇಡೀ ವಾರದಲ್ಲಿ ಇಷ್ಟುದ್ದದ ಕರೆ ಇನ್ನೊಂದಿಲ್ಲ. ಏನು ಮಾತಾಡಿದ್ರಿ ಅಷ್ಟೊಂದು?"

"ಜಾಸ್ತಿ ಏ... ಏನಿಲ್ಲ ಸರ್. ಒಂದು ಚೀಲದ ವಿಷಯ."

"ಸಿಕ್ತಾ ಚೀಲ?"

"ಸಿಕ್ಕಿತು."

"ಹಂಗಾದ್ರೆ ಉದ್ದ ಇರಲಿ ಬಿಡು," ಎಂದು ಸಹಿ ಹಾಕಿದರು. ನಾನು ಬಾಗಿಲ ಹತ್ತಿರ ಹೋದಾಗ ಕರೆದರು. "ನೋಡು, ಇನ್ಮೇಲೆ ಆ ಖಾಲಿ ಕರೆಗಳನ್ನ ತಳ್ಳಿಬಿಡಬೇಡ. ಅವಕ್ಕೂ ಒಂದು ಸಾಲು ಬರೆ. ಒಂದೇ ನಂಬರ್ ಮತ್ತೆ ಮತ್ತೆ ಬಂದ್ರೆ ನೀನೇ ವಾಪಸ್ ಮಾಡಿ ವಿಚಾರಿಸು." ನಾನು ಚೀಟಿಗೆ ಕೈ ಹಾಕಿದೆ. "ಬಾಯಲ್ಲಿ ಹೇಳು ಮಾರಾಯ, ನನಗೇನು ಬಸ್ಸು ತಪ್ಪಿ ಹೋಗಲ್ಲ," ಎಂದರು.

ಅಣ್ಣ ಸಂತೆಗೆ ಹೋದ ದಿನ ನೋಡಿಕೊಂಡು ಕಸ್ತೂರಿ ಬಂದಳು. ನನಗಿಂತ ಒಂದೆರಡು ವರ್ಷ ದೊಡ್ಡವಳಿರಬೇಕು. ಎತ್ತರದ ಮೈಕಟ್ಟು, ಎಣ್ಣೆ ಹಚ್ಚಿ ಬಿಗಿಯಾಗಿ ಹೆಣೆದ ಜಡೆ, ಬೆರಳ ತುದಿಯಲ್ಲಿ ಕಡ್ಡಿ ಒತ್ತಿ ಒತ್ತಿ ಬಿದ್ದ ಗುಳಿ. ಹೊಸ್ತಿಲಲ್ಲಿ ನಿಂತು ಯಾರನ್ನು ಕೇಳುವುದೆಂದು ನೋಡುತ್ತಿದ್ದಳು. ಸರ್ವಮಂಗಳಾ ಗೂಡಿನಿಂದೆದ್ದು ಬಂದು, ಒಂದು ಮಾತೂ ಆಡದೆ ಅವಳ ಕೈ ಹಿಡಿದು ಒಳಗೆ ಕರೆದುಕೊಂಡು ಹೋಗಿ ಕೂರಿಸಿದರು. ಮೂವರೂ ಚಹಾ ಕುಡಿದೆವು.

"ನಿ... ನಿಮ್ಮ ದನಿ ಕೇಳಿದ್ರೇನೇ ಹೆದರ್ತಿದ್ದೆ," ಎಂದಳು ಕಸ್ತೂರಿ.

"ನಾನು ನಿನ್ನ ಉಸಿರು ಕೇಳಿದ್ರೇನೇ ಹೆದರ್ತಿದ್ದೆ ಕಣೇ," ಎಂದರು ಸರ್ವಮಂಗಳಾ. ಇಬ್ಬರೂ ನಗುತ್ತ ನಗುತ್ತ ಕಣ್ಣೊರೆಸಿಕೊಂಡರು. ನಾನು ಲೋಟಗಳನ್ನು ತೊಳೆಯುವ ನೆಪದಲ್ಲಿ ಎದ್ದು ಹೋದೆ.

ಈ ಕತೆ ಕೇಳಿದವರು ಆಮೇಲೇನಾಯಿತು ಎನ್ನುತ್ತಾರೆ, ನನ್ನ ಮುಖವನ್ನು ಒಂದು ಥರಾ ನೋಡುತ್ತ. ಅವರು ಅಂದುಕೊಂಡದ್ದು ಆಗಲಿಲ್ಲ. ಅಂಗಡಿಯವರಿಗೆ ಹಾಸು ಹಿಡಿಸಿತು. ಮುಂದೆ ಅವಳೇ ಊರಿನ ಹೆಣ್ಣುಮಕ್ಕಳನ್ನು ಕೂರಿಸಿಕೊಂಡು ಹೆಣಿಗೆ ಕಲಿಸಿದಳು. ಪೇಟೆಗೆ ಅವಳೇ ಬಂದು ಹೋದಳು. ಅಣ್ಣನಿಗೆ ಒಂದು ದಿನ ತಾನೇ ಎಲ್ಲವನ್ನೂ ಹೇಳಿದಳಂತೆ. ಅವನು ಮಧ್ಯೆ ಬಾಯಿ ಹಾಕದೆ ಕೊನೆಯವರೆಗೂ ಕೇಳಿದನಂತೆ. ಇದನ್ನೆಲ್ಲ ಅವಳು ನನಗೆ ಹೇಳಿದ್ದು ಫೋನಿನಲ್ಲೇ. ಬಹುಕಾಲ, ಬಿಡುವಾದಾಗಲೆಲ್ಲ, ಊಟದ ಹೊತ್ತು ಕಳೆದ ಮೇಲೆ ನನ್ನ ಮೇಜಿಗೆ ಒಂದು ಕರೆ ಬರುತ್ತಿತ್ತು. ನಾವು ಒಬ್ಬರ ಮಾತು ಇನ್ನೊಬ್ಬರು ಮುಗಿಸಿಕೊಡದ ಸ್ನೇಹಿತರಾಗಿ ಉಳಿದೆವು. ಅಂಥ ಸ್ನೇಹ ನನಗೆ ಅದಕ್ಕೆ ಮುಂಚೆ ಸಿಕ್ಕಿರಲಿಲ್ಲ. ಸರ್ವಮಂಗಳಾ ಊಟಕ್ಕೆ ಹೋದಾಗ ಗಾಜಿನ ಗೂಡಿನಲ್ಲಿ ಕೂತು ವಿಚಾರಣೆಯ ಫೋನನ್ನು ನಾನೇ ಎತ್ತತೊಡಗಿದೆ. ಕೆಲವರು ಬೇಸರಪಟ್ಟು ಇಟ್ಟುಬಿಡುತ್ತಿದ್ದರು. ಹೆಚ್ಚಿನವರು ಕಾಯುತ್ತಿದ್ದರು.

ಆದರೆ ನನ್ನ ಕಣ್ಣಿಗೆ ಕಟ್ಟಿದಂತಿರುವುದು ಅವಳು ಚೀಲ ಒಯ್ದ ಆ ಸಂಜೆ. ಅವಳ ಊರಿನ ಬಸ್ಸು ಹೊರಡುವುದರಲ್ಲಿತ್ತು. ನಿಲ್ದಾಣದವರೆಗೂ ಹೋಗಿ ಹತ್ತಿಸಿದೆ. ಕಿಟಕಿಯ ಪಕ್ಕ ಜಾಗ ಸಿಕ್ಕಿತು, ಚೀಲವನ್ನು ಮಡಿಲಲ್ಲಿಟ್ಟುಕೊಂಡಳು. ಅವಳ ಊರಿನ ಹೆಸರು 'ಗ'ಕಾರದಿಂದ ಶುರು, ನಮ್ಮಂಥವರಿಗೆ ಕಡಿದಾದ ಅಕ್ಷರ. ಕಂಡಕ್ಟರ್ ನನಗೆ ಪರಿಚಯದವನು. ಅವನಿಗೆ ಮೊದಲೇ ಹೇಳಿಬಿಡೋಣವೆಂದು ನಾನು ಮೆಟ್ಟಿಲಿಗೆ ಕಾಲಿಟ್ಟೆ. ಅವಳು ಕಿಟಕಿಯಿಂದಲೇ ನನ್ನನ್ನು ನೋಡಿ ಬೇಡವೆಂದು ತಲೆಯಾಡಿಸಿದಳು. ಕಾಲು ಹಿಂದಕ್ಕೆ ತೆಗೆದೆ.

ಕಂಡಕ್ಟರ್ ಅವಳ ಸೀಟಿಗೆ ಬಂದು ನಿಂತು ಬಗ್ಗಿದ. ಅವಳ ತುಟಿ ತೆರೆಯಿತು, ತೆರೆದೇ ಇತ್ತು. ಹಿಂದಿನ ಸೀಟಿನವರು ತಿರುಗಿ ನೋಡಿದರು. ಇಂಜಿನ್ ಗುಡುಗುಡು ಎನ್ನುತ್ತಿತ್ತು, ಡ್ರೈವರ್ ಒಮ್ಮೆ ಹಾರ್ನ್ ಒತ್ತಿದ. ಕಂಡಕ್ಟರ್ ಕದಲಲಿಲ್ಲ, ಒಂದು ಕೈಯಿಂದ ಮೇಲಿನ ಸರಳು ಹಿಡಿದು, ಕಿವಿಯನ್ನು ಅವಳತ್ತ ವಾಲಿಸಿ ನಿಂತೇ ಇದ್ದ. ಧೂಳು ಹಿಡಿದ ಗಾಜಿನ ಹಿಂದೆ ಅವಳು ಏನೆಂದಳೋ ನನಗೆ ಕೇಳಿಸಲಿಲ್ಲ. ಅವನು ನೆಟ್ಟಗೆ ನಿಂತು, ಹೆಬ್ಬೆರಳನ್ನು ನಾಲಗೆಗೆ ಮುಟ್ಟಿಸಿ, ಕಟ್ಟಿನಿಂದ ಒಂದು ಟಿಕೆಟ್ ಹರಿದು ಅವಳ ಕೈಗಿತ್ತು ಮುಂದಿನ ಸೀಟಿಗೆ ಹೋದ.